ಸಂಡಿಗೆ ಬಟ್ಟೆಯ ಮೇಲೆ ಅಪ್ಪನ ಅರ್ಧ ಹೆಸರು

ನಮ್ಮ ಮನೆಯಲ್ಲಿ ಸಂಡಿಗೆ ಹಾಕುವ ಬಟ್ಟೆಯೊಂದಿದೆ. ಅದರ ಮೇಲೆ ನಮ್ಮ ಅಪ್ಪನ ಅರ್ಧ ಹೆಸರಿದೆ. ‘ನಂಜುಂ’ ಅಂತ. ಮಿಕ್ಕ ‘ಡಪ್ಪ’ ಬಹಳ ಹಿಂದೆಯೇ ಒಗೆತದಲ್ಲಿ ಹೋಯಿತು. ಹಳೆಯ ಪಂಚೆಗಳನ್ನು ಜೋಡಿಸಿ ಹೊಲಿದ ಬಟ್ಟೆ ಅದು. ನೂಲು ಕಾಣುವಷ್ಟು ಸವೆದಿದ್ದರೂ ಆ ಎರಡು ಅಕ್ಷರ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಿಲ್ಲ. ನಮ್ಮಮ್ಮ ಆ ಜಾಗ ಬಿಟ್ಟು ಸುತ್ತ ಸಂಡಿಗೆ ಹಾಕುತ್ತಿದ್ದಳು. ನಾನೂ ಹಾಗೇ ಹಾಕುತ್ತೇನೆ. “ಅಲ್ಲೂ ಒಂದೆಂಟು ಹಾಕ್ಬಹುದಲ್ಲ ಅತ್ತೆ, ಜಾಗ ವೇಸ್ಟು” ಅನ್ನುತ್ತಾಳೆ ಸೊಸೆ. ಅವಳಿಗೆ ಹೇಳಬೇಕಾದ ಕತೆ ದೊಡ್ಡದು, ಅಷ್ಟರಲ್ಲಿ ಗಂಜಿ ಆರಿಹೋಗುತ್ತದೆ ಅಂತ ಸುಮ್ಮನಾಗುತ್ತೇನೆ.

ಇವತ್ತು ಬೆಳಿಗ್ಗೆಯೂ ಮಹಡಿಯ ಮೇಲೆ ಬಟ್ಟೆ ಹಾಸಿ, ಪಾತ್ರೆ ಪಕ್ಕಕ್ಕಿಟ್ಟುಕೊಂಡು, ಮಂಡಿನೋವಿಗೆ ಒಂದಿಷ್ಟು ಬೈದು ಕೂತದ್ದೇ ತಡ, ಕೆಳಗೆ ಬೀದಿಯಲ್ಲಿ ಒಂದು ಆಟೋ ಬಂತು. ಅದರ ತಲೆಯ ಮೇಲೆ ಎರಡು ಮೈಕು. “ನಿಮ್ಮ ಮನೆಯ ಮಗ, ನಿಮ್ಮ ಮನೆಯ ಮಗ” ಎಂದು ಕೂಗಿತು. ನಮ್ಮ ಮನೆಯ ಮಗ ರಾತ್ರಿ ಪಾಳಿ ಮುಗಿಸಿ ಬಂದು ಆಗಷ್ಟೇ ಮಲಗಿದ್ದ. ಆ ಕೂಗಿಗೆ ಎದ್ದು, ಕಿಟಕಿ ಬಾಗಿಲು ಬಡಿದುಕೊಂಡು ಮತ್ತೆ ಮಲಗಿದ. ಎರಡು ತಿಂಗಳಿಂದ ನಮ್ಮ ಬೀದಿಯಲ್ಲಿ ಇದೇ ನಡೆದಿದೆ. ಕಂಬಕ್ಕೊಂದು ಕೈಮುಗಿದ ಮುಖ. ಫೋನು ಎತ್ತಿದರೆ ಅಲ್ಲೂ ಅದೇ ಮುಖದ ಮಾತು. ಇದಕ್ಕೆಲ್ಲ ಆಗುವ ಖರ್ಚನ್ನು ನೆನೆದರೆ, ಸಂಡಿಗೆ ಕರಿಯಲು ಎಣ್ಣೆ ಜಾಸ್ತಿ ಹೋಯಿತೆಂದು ಪೇಚಾಡುವ ನನ್ನಂಥವಳಿಗೆ ತಲೆ ಗಿರ್ರೆನ್ನುತ್ತದೆ.

ನಮ್ಮ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಅನ್ನುವವರ ಪೈಕಿ ನಾನಲ್ಲ. ನಮ್ಮ ಕಾಲದಲ್ಲಿ ತಿಗಣೆಯಿತ್ತು. ರೇಷನ್ ಅಕ್ಕಿಯಲ್ಲಿ ಕಲ್ಲಿತ್ತು. ಸೌದೆ ಒಲೆಯ ಹೊಗೆಗೆ ನನ್ನ ಕಣ್ಣು ಹಾಳಾದದ್ದೂ ಆ ಕಾಲದಲ್ಲೇ. ಆದರೆ ಚುನಾವಣೆಯ ಮಾತು ಬಂದರೆ ಮಾತ್ರ ನನಗೆ ಸ್ವಲ್ಪ ಜಂಬ. ಯಾಕೆಂದರೆ ನಮ್ಮ ಅಪ್ಪನೂ ಒಮ್ಮೆ ಚುನಾವಣೆಗೆ ನಿಂತಿದ್ದರು. ಐವತ್ತರ ದಶಕದ ಮಾತು. ವಯಸ್ಸಿಗೆ ಬಂದವರಿಗೆಲ್ಲ ಓಟು ಬಂದ ಹೊಸತು. ನಿಂತದ್ದು ಕಾರ್ಪೊರೇಷನ್ನಿಗೆ, ಚಾಮರಾಜಪೇಟೆಯ ನಮ್ಮ ಡಿವಿಷನ್ನಿನಿಂದ. ಪ್ರಚಾರ ಎಷ್ಟು ದಿನ ನಡೆಯಬೇಕೆಂದು ತೀರ್ಮಾನಿಸಿದ್ದು ಈ ಸಂಡಿಗೆ ಬಟ್ಟೆ. ಎಷ್ಟು ಖರ್ಚಾಗಬೇಕೆಂದು ತೀರ್ಮಾನಿಸಿದ್ದು ನಮ್ಮ ಅಮ್ಮ.

ಅಪ್ಪನಿಗೆ ಚಿಕ್ಕಪೇಟೆಯಲ್ಲಿ ತಾತನ ಕಾಲದ ಜವಳಿ ಅಂಗಡಿ. ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಕರಿ ಟೋಪಿ, ಬಾಯಲ್ಲಿ ಮಾತಿಲ್ಲ. ಅದರಲ್ಲೂ ಯಾರನ್ನಾದರೂ ಏನನ್ನಾದರೂ ಕೇಳುವುದೆಂದರೆ ಅವರ ಜೀವ ಹೋಗಿ ಬರುತ್ತಿತ್ತು. ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಕಮ್ಮಿಯಾದರೆ ಕೇಳುತ್ತಿರಲಿಲ್ಲ, ಉಪ್ಪಿನ ಭರಣಿಯ ಕಡೆ ನೋಡುತ್ತ ಕೂರುತ್ತಿದ್ದರು. ಅಂಗಡಿಯಲ್ಲೂ ಅಷ್ಟೇ. “ತಗೊಳ್ಳಿ” ಅನ್ನುವ ಮಾತೇ ಇಲ್ಲ. ಗಿರಾಕಿಯ ಮುಂದೆ ಸೀರೆ ಬಿಡಿಸಿ ಹಾಕಿ, ತಾವು ಗೋಡೆಗೊರಗಿ ಕೂರುತ್ತಿದ್ದರು. ಆ ಮೌನ ತಡೆಯಲಾರದೆ ಗಿರಾಕಿಯೇ ಒಂದನ್ನು ಆರಿಸಿಕೊಂಡು ದುಡ್ಡು ಕೊಟ್ಟು ಹೋಗುತ್ತಿದ್ದ. ಹೇಗೋ ವ್ಯಾಪಾರ ನಡೆಯುತ್ತಿತ್ತು.

ಇಂಥವರನ್ನು ಚುನಾವಣೆಗೆ ನಿಲ್ಲಿಸಿದ್ದು ನಮ್ಮ ಹಿತ್ತಿಲ ಬಾವಿ. ಮನೆಯ ಹಿಂದಿನ ಗಲ್ಲಿಯಲ್ಲಿ ನಲ್ಲಿ ಇರಲಿಲ್ಲ. ಅಲ್ಲಿಯ ಹೆಂಗಸರೆಲ್ಲ ನಮ್ಮ ಬಾವಿಯ ನೀರಿಗೇ ಬರುತ್ತಿದ್ದರು. ತರಕಾರಿ ಮಾರುವ ಮುನಿಯಮ್ಮನಂತೂ ಬೆಳಗಿನ ಜಾವಕ್ಕೇ ಬಂದು, ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸಿಕೊಂಡು, ಎರಡು ಕೊಡ ಹೊತ್ತು ಹೋಗುತ್ತಿದ್ದಳು. ಒಂದು ಬೇಸಿಗೆ ಬಾವಿ ತಳ ಕಂಡಿತು. ಆಗ ಮುನಿಯಮ್ಮನ ಸೊಸೆ, ತುಂಬಿದ ಬಸುರಿ, ಕೆಸರು ನೀರಿಗಾಗಿ ಬಗ್ಗಿ ಹಗ್ಗ ಎಳೆಯುವಾಗ ಬಾವಿಕಟ್ಟೆಯ ಮೇಲೆ ಜಾರಿದಳು. ಅಮ್ಮ ಹಿಂದಿನಿಂದ ಸೆರಗು ಹಿಡಿದು ಎಳೆದುಕೊಂಡದ್ದರಿಂದ ಎರಡು ಜೀವ ಉಳಿದವು. ಮುಂದಿನ ಬೇಸಿಗೆ ಬರುವುದರೊಳಗೆ ಗಲ್ಲಿಗೆ ನಲ್ಲಿ ಬರಲೇಬೇಕು ಅಂತ ಅವತ್ತೇ ಹಟ ತೊಟ್ಟಳು.

ಸಂಕ್ರಾಂತಿಯ ಎಳ್ಳು ಬೀರಿ ಮುಗಿಸಿದ ಸಂಜೆ, ಅಪ್ಪ ಎದುರಿಗೇ ಕೂತಿರುವಾಗ, ಅಮ್ಮ ನನ್ನ ಕಡೆ ತಿರುಗಿ ಹೇಳಿದಳು: “ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಯ್ತು. ಕಾರ್ಪೊರೇಷನ್ನಲ್ಲೇ ಹೋಗಿ ಕೂತ್ಕೊಂಡ್ರೆ ಹೆಂಗೆ ನಲ್ಲಿ ಹಾಕಲ್ಲ ನೋಡೋಣ. ಈ ಸಲ ಎಲೆಕ್ಷನ್‌ಗೆ ನಿಂತ್ಕೊಳ್ಳಿ ಅಂತ ನಿಮ್ಮಪ್ಪನಿಗೆ ಹೇಳು.”

“ನಂಗೆ ಓಟು ಕೇಳೋಕೆ ಬರಲ್ಲ ಅಂತ ನಿಮ್ಮಮ್ಮನಿಗೆ ಹೇಳು” ಎಂದರು ಅಪ್ಪ.

“ಕೇಳೋದು ಬೇಡ, ಸುಮ್ನೆ ನಿಂತ್ಕೊಂಡ್ರೆ ಸಾಕು ಅಂತ ಹೇಳು.”

ಅಪ್ಪ ಉಪ್ಪಿನ ಭರಣಿಯ ಕಡೆ ನೋಡುವ ಹಾಗೆ ನನ್ನ ಕಡೆ ನೋಡಿದರು. ನಾನಾಗ ಬಿ.ಎ. ಮುಗಿಸಿ, ಓಟಿನ ವಯಸ್ಸಿಗೆ ಬಂದು, ಮದುವೆಗೆ ಗಂಡು ನೋಡಿಸಿಕೊಳ್ಳುತ್ತಿದ್ದ ಹುಡುಗಿ. ಆದರೂ ಮನೆಯಲ್ಲಿ ನನ್ನ ಕೆಲಸ ಟಪಾಲಿನದೇ.

ಇಲ್ಲಿ ಒಂದು ವಿಷಯ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. ಆಗಿನ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಗಂಡನ ಆಯುಸ್ಸು ಕಮ್ಮಿಯಾಗುತ್ತದೆ ಅಂತ ನಂಬಿಕೆ. ಅಮ್ಮ ಇದನ್ನು ಎಷ್ಟು ಗಟ್ಟಿಯಾಗಿ ನಂಬಿದ್ದಳೆಂದರೆ, ಅಪ್ಪನ ಹೆಸರಿನ ಆಸುಪಾಸಿನ ಮಾತುಗಳನ್ನೂ ಬಾಯಿಗೆ ತರುತ್ತಿರಲಿಲ್ಲ. ನಂಜನಗೂಡು ಅವಳ ಬಾಯಲ್ಲಿ “ಮೈಸೂರಿನ ಆಚೆ ಊರು”. ಅಲ್ಲಿಯ ರಸಬಾಳೆ “ಆ ಊರಿನ ಬಾಳೆ”. ಗಾಯ ನಂಜಾದರೆ “ಗಾಯ ಕೆಟ್ಟಿದೆ” ಅನ್ನುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಅವಳಿಂದ ಹೇಗಾದರೂ ಹೆಸರು ಹೇಳಿಸಬೇಕೆಂದು ಏನೆಲ್ಲ ಉಪಾಯ ಮಾಡಿದೆ, ಒಂದೂ ನಡೆಯಲಿಲ್ಲ. ಅಪ್ಪನೂ ಅಮ್ಮನ ಹೆಸರು ಹಿಡಿದು ಕರೆದವರಲ್ಲ. ಗಂಡ ಕರೆದರೆ ಹೆಂಡತಿಯ ಆಯುಸ್ಸಿಗೂ ಅದೇ ಶಿಕ್ಷೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅಪ್ಪನಿಗೆ ಅಮ್ಮ ಬೇಕಾದಾಗ “ಶಾಂತಾ” ಎಂದು ನನ್ನ ಹೆಸರು ಕೂಗುತ್ತಿದ್ದರು. ನಾನು ಬೇಕಾದಾಗಲೂ ಅದೇ ಕೂಗು. ಹೀಗಾಗಿ ಪ್ರತಿ ಕೂಗಿಗೂ ನಾವಿಬ್ಬರೂ ಹೋಗಿ ನಿಲ್ಲುತ್ತಿದ್ದೆವು, ಬೇಡವಾದವರು ವಾಪಸು ಬರುತ್ತಿದ್ದೆವು.

ಸರಿ, ಅಪ್ಪ ನಿಂತರು. ಲಾಂದ್ರದ ಗುರುತು ಸಿಕ್ಕಿತು. ಒಂದು ಬ್ಯಾನರಾದರೂ ಬೇಡವೇ ಎಂದು ಅಕ್ಕಪಕ್ಕದವರು ಕೇಳಿದರು. ಜವಳಿ ಅಂಗಡಿಯವರು ನೀವು, ಒಂದಷ್ಟು ಕೋರಾ ಬಟ್ಟೆ ಹರಿದುಕೊಟ್ಟರೆ ಆಯಿತಲ್ಲ ಎಂದರು. “ಗಿರಾಕಿಗೆ ಮಾರೋ ಬಟ್ಟೆ ಮೇಲೆ ನನ್ನ ಹೆಸರು ಬರೆಸ್ಕೊಳ್ಳೋದಾ?” ಎಂದು ಅಪ್ಪ ತಬ್ಬಿಬ್ಬಾದರು. ಕೊನೆಗೆ ಅಮ್ಮ ಟ್ರಂಕಿನಿಂದ ತನ್ನ ಸಂಡಿಗೆ ಬಟ್ಟೆ ತೆಗೆದುಕೊಟ್ಟಳು. “ಶಿವರಾತ್ರಿ ಮಾರನೇ ದಿನ ವಾಪಸ್ ಬರ್ಬೇಕು. ಬಿಸಿಲು ಎಲೆಕ್ಷನ್‌ಗೆ ಕಾಯಲ್ಲ” ಎಂದಳು. ಓಟಿನ ದಿನವೂ ಶಿವರಾತ್ರಿಗೆ ನಾಲ್ಕಾರು ದಿನ ಮುಂಚೆಯೇ ಇತ್ತು. ಅಲ್ಲಿಗೆ ನಮ್ಮ ಪ್ರಚಾರದ ಉದ್ದ ಎಷ್ಟೆಂದು ಗೊತ್ತಾಯಿತು.

ಬರೆಯುವವನು ಬಂದು ಎಣ್ಣೆ ಬಣ್ಣದ ಡಬ್ಬ ತೆರೆದು ಶುರು ಹಚ್ಚಿಕೊಂಡ. ಅಮ್ಮ ಒಳಗಿಂದ ಕಾಫಿ ತರುವಷ್ಟರಲ್ಲಿ ‘ನಂಜುಂ’ ಆಗಿತ್ತು. ವಾಸನೆ ಹಿಡಿದ ಅಮ್ಮ ಲೋಟ ಅಲ್ಲೇ ಇಟ್ಟು, “ನಿಲ್ಸಪ್ಪಾ, ಇದು ಒಗೆದ್ರೆ ಹೋಗತ್ತಾ?” ಎಂದು ಕೇಳಿದಳು.

“ಹೋಗಲ್ಲ ತಾಯೀ. ಬಟ್ಟೆ ಹರಿದ್ರೂ ಅಕ್ಷರ ಹೋಗಲ್ಲ” ಎಂದು ಅವನು ಹೆಮ್ಮೆಯಿಂದ ಹೇಳಿದ.

ಅಮ್ಮನಿಗೆ ಎದೆ ಒಡೆದುಹೋಯಿತು. ರಂಗೋಲಿಯ ಅಂಚಿಗೆಂದು ಇಟ್ಟಿದ್ದ ಕೆಮ್ಮಣ್ಣು ತಂದು ಕಲಸಿಕೊಟ್ಟು, ಮಿಕ್ಕದ್ದನ್ನೆಲ್ಲ ಅದರಲ್ಲೇ ಬರೆಸಿದಳು. ‘ಡಪ್ಪನವರ ಲಾಂದ್ರದ ಗುರುತಿಗೆ ನಿಮ್ಮ ಓಟು’ ಎಂಬುದಷ್ಟೂ ಕೆಮ್ಮಣ್ಣು. ಒಂದೇ ಬ್ಯಾನರು ಇದ್ದದ್ದರಿಂದ ಅದನ್ನು ದಿನಕ್ಕೊಂದು ಬೀದಿಯಲ್ಲಿ ಕಟ್ಟುತ್ತಿದ್ದೆವು. ಸಂಜೆ ಇಬ್ಬನಿ ಬೀಳುವ ಮುಂಚೆ ಬಿಚ್ಚಿ, ಮಡಚಿ, ಮನೆಗೆ ತರುತ್ತಿದ್ದೆವು.

ಎದುರಾಳಿ ಕಂಟ್ರಾಕ್ಟರ್ ಪುಟ್ಟಸ್ವಾಮಯ್ಯನವರು. ದೊಡ್ಡ ಕುಳ, ದೊಡ್ಡ ಹೊಟ್ಟೆ, ದೊಡ್ಡ ನಗು. ಅವರ ಪ್ರಚಾರ ನೋಡಲು ನಾವೂ ಬಾಗಿಲಿಗೆ ಬರುತ್ತಿದ್ದೆವು, ಸುಳ್ಳೇಕೆ. ಜಟಕಾ ಗಾಡಿಗೆ ಬಾಳೆಕಂದು ಕಟ್ಟಿ, ಗ್ರಾಮಫೋನು ಇಟ್ಟು, ಬಣ್ಣಬಣ್ಣದ ಕರಪತ್ರ ಎರಚುತ್ತ ಹೋಗುತ್ತಿದ್ದರು. ಹೋಟೆಲಿನಲ್ಲಿ ಅವರ ಹೆಸರು ಹೇಳಿದರೆ ಕಾಫಿ ಬಿಟ್ಟಿ. ಆಗಿನ ಕಾಲಕ್ಕೆ ಅದೇ ಮಹಾ ಖರ್ಚು. ಮನೆ ಅಡವಿಟ್ಟಿದ್ದಾರಂತೆ ಎಂದು ಜನ ಪಿಸುಗುಡುತ್ತಿದ್ದರು. ಆದರೆ ಮನುಷ್ಯ ಬಂಗಾರ. ನಮ್ಮ ಬೀದಿಗೆ ಬಂದಾಗ ಗ್ರಾಮಫೋನು ನಿಲ್ಲಿಸಿ, ಅಪ್ಪನಿಗೆ ಕೈಮುಗಿದು, “ಊಟ ಆಯ್ತಾ ಯಜಮಾನ್ರೇ?” ಎಂದು ವಿಚಾರಿಸಿಯೇ ಮುಂದೆ ಹೋಗುತ್ತಿದ್ದರು. ನಮ್ಮ ಬ್ಯಾನರಿನ ಹಗ್ಗ ಒಮ್ಮೆ ಸಡಿಲವಾದಾಗ ಬಿಗಿದು ಕಟ್ಟಿದ್ದು ಅವರ ಆಳುಗಳೇ.

ಅಪ್ಪನ ಪ್ರಚಾರವೋ, ಅಂಗಡಿಯ ಪದ್ಧತಿಯೇ. ಒಂದು ಮನೆಗೆ ಹೋಗುವುದು, ಕೂರುವುದು. ಅವರು ಏನು ಬಂದಿರಿ ಅನ್ನುವುದು, ಇವರು “ಸುಮ್ನೆ” ಅನ್ನುವುದು. ಕಾಫಿ ಕುಡಿಯುವುದು, ಅವರ ಮಗನ ಓದು, ಅವರ ತಾಯಿಯ ಕಣ್ಣಿನ ಪೊರೆ, ಎಲ್ಲ ಕೇಳಿಸಿಕೊಂಡು ಎದ್ದು ಬರುವುದು. ವಾರವಾದ ಮೇಲೆ ಬೀದಿಯ ಕೊನೆಯ ಮನೆಯಾಕೆ ಅಮ್ಮನ ಹತ್ತಿರ ಬಂದು, “ನಿಮ್ಮನೆಯವರಿಗೆ ಏನಾದ್ರೂ ಮನಸ್ಸಿಗೆ ಬೇಜಾರಾ? ನಮ್ಮನೇಲಿ ಬಂದು ಗಂಟೆಗಟ್ಲೆ ಸುಮ್ನೆ ಕೂತಿದ್ರು” ಎಂದು ಕೇಳಿದಳು. ಎಲೆಕ್ಷನ್ನಿಗೆ ನಿಂತಿದ್ದಾರೆಂಬುದೇ ಆಕೆಗೆ ಗೊತ್ತಿರಲಿಲ್ಲ. ಅಮ್ಮ ಹಣೆ ಚಚ್ಚಿಕೊಂಡಳು.

ಮಾರನೆಯ ದಿನ ಮಧ್ಯಾಹ್ನ ಅಡುಗೆಮನೆ ಸಾರಿಸಿ, ತಲೆ ಬಾಚಿ, ಕುಂಕುಮದ ಭರಣಿ ಹಿಡಿದು, ನನ್ನನ್ನು ಕರೆದುಕೊಂಡು ಅಮ್ಮನೇ ಹೊರಟಳು. ಮೊದಲ ಮನೆಯ ಹೊಸ್ತಿಲಲ್ಲೇ ಸಿಕ್ಕಿಬಿದ್ದಳು. “ಯಾರಿಗೆ ಓಟು ಹಾಕ್ಬೇಕು ಸರ್ವಮಂಗಳಮ್ಮಾ?” ಎಂದು ಆ ಮನೆಯಾಕೆ ಕೇಳಿದರೆ ಇವಳಿಗೆ ಹೇಳಲು ಬಾಯಿಲ್ಲ. ನಾನು ಹೇಳಲು ಹೋದೆ. ಅಮ್ಮ ತಡೆದಳು. ಒಂದು ಗಳಿಗೆ ಮೇಲೆ ನೋಡಿ, ತುಟಿ ಕಚ್ಚಿ, ಆಮೇಲೆ ರಾಗವಾಗಿ ಹೇಳಿದಳು:

“ಹಿತ್ತಿಲ ಬಾವಿಗೆ ಹಗ್ಗ ಹತ್ತು ಮಾರು,
ನಂಜುಂಡಪ್ಪನವರು ಗೆದ್ದರೆ ಬೀದಿಗೆಲ್ಲ ನೀರು.”

ನನಗೆ ಕಿವಿ ನೆಟ್ಟಗಾಯಿತು. ಅಮ್ಮನ ತವರು ಚಿತ್ರದುರ್ಗದ ಕಡೆ. ಅಲ್ಲಿ ಮದುವೆ, ಸೀಮಂತಗಳಲ್ಲಿ ಹೆಂಗಸರನ್ನು ತಡೆದು ನಿಲ್ಲಿಸಿ ಗಂಡನ ಹೆಸರು ಹೇಳಿಸುತ್ತಾರೆ. ಬರೀ ಹೆಸರು ಹೇಳುವ ಹಾಗಿಲ್ಲ. ಪ್ರಾಸ ಕಟ್ಟಿ, ಎರಡು ಸಾಲಿನ ಪದ್ಯದೊಳಗೆ ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಅನ್ನುತ್ತಾರೆ. ಒಡಪಿನೊಳಗೆ ಬಂದ ಹೆಸರಿಗೆ ದೋಷವಿಲ್ಲ, ಆಯುಸ್ಸಿಗೆ ಧಕ್ಕೆಯಿಲ್ಲ. ಮದುವೆಮನೆಯ ಈ ರಿಯಾಯಿತಿಯನ್ನು ಅಮ್ಮ ಎಲೆಕ್ಷನ್ನಿಗೆ ತಂದಿದ್ದಳು.

ಆಮೇಲೆ ಏನು ಕೇಳುತ್ತೀರಿ. ಮನೆಮನೆಯಲ್ಲೂ ಹೆಂಗಸರು ಚಾಪೆ ಹಾಸಿ ಕಾಯತೊಡಗಿದರು. ಒಡಪು ಹೇಳದೆ ಬಿಡುತ್ತಿರಲಿಲ್ಲ. ಅಮ್ಮನೂ ಬೆಳಿಗ್ಗೆ ರೊಟ್ಟಿ ತಟ್ಟುತ್ತ, ಆ ತಾಳಕ್ಕೆ ಸರಿಯಾಗಿ ಹೊಸದೊಂದು ಕಟ್ಟಿಕೊಂಡೇ ಹೊರಡುತ್ತಿದ್ದಳು. ಪುಟ್ಟಸ್ವಾಮಯ್ಯನವರ ಮನೆಯನ್ನೂ ಬಿಡಲಿಲ್ಲ. ಅವರ ಹೆಂಡತಿ ನಗುತ್ತಲೇ ಬರಮಾಡಿಕೊಂಡು, ಕುಂಕುಮ ಕೊಟ್ಟು, “ನಮ್ಮನೇಲೂ ಒಂದು ಹೇಳ್ಬೇಕು, ಹಂಗೇ ಬಿಡಲ್ಲ” ಎಂದರು. 

“ಬೆಳ್ಳಿ ಬಟ್ಟಲಲ್ಲಿ ಬೆಣ್ಣೆ, ಕಂಚಿನ ತಟ್ಟೆಯಲ್ಲಿ ಕಾಯಿ,
ನಂಜುಂಡಪ್ಪನವರಿಗೆ ಮಾತು ಬಾರದು, ನನಗಿದೆ ಬಾಯಿ” ಎಂದಳು ಅಮ್ಮ.

ಪಡಸಾಲೆಯಲ್ಲಿ ಕೂತಿದ್ದ ಪುಟ್ಟಸ್ವಾಮಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕ ಸದ್ದು ನಮಗೆ ಒಳಗೆ ಕೇಳಿಸಿತು. ನಾಲ್ಕು ದಿನದಲ್ಲಿ ಬಾವಿಯ ಒಡಪು ಡಿವಿಷನ್ನಿನ ತುಂಬ ಹಬ್ಬಿತು. ಕುಂಟೆಬಿಲ್ಲೆ ಆಡುವ ಹುಡುಗಿಯರು ಅದನ್ನೇ ಹೇಳಿಕೊಂಡು ಕುಂಟಿದರು. ಮುನಿಯಮ್ಮ ಸೊಪ್ಪು ಕೂಗುವ ರಾಗದಲ್ಲೇ ಅದನ್ನೂ ಸೇರಿಸಿಕೊಂಡು ಬೀದಿ ಬೀದಿ ತಿರುಗಿದಳು. ಜಟಕಾ ಗಾಡಿಯ ಗ್ರಾಮಫೋನಿಗೆ ಇದರ ಸಮಕ್ಕೆ ಬರಲಾಗಲಿಲ್ಲ. ಖರ್ಚೆಂದರೆ ಒಂದಿಷ್ಟು ಕುಂಕುಮ.

ಓಟಿನ ದಿನ ಬಂತು. ಪ್ರೈಮರಿ ಸ್ಕೂಲಿನಲ್ಲಿ ಹೆಂಗಸರಿಗೆ ಬೇರೆ ಸಾಲು. ಒಳಗೆ ಮೇಜಿನ ಹಿಂದೆ ಬೇರೆ ಊರಿನಿಂದ ಬಂದ ಎಳೆಯ ಅಧಿಕಾರಿ. ಪರದೆಯ ಹಿಂದೆ ಗುರುತು ಅಂಟಿಸಿದ ಪೆಟ್ಟಿಗೆಗಳು, ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಬೇಕು. ಕಿಟಕಿಯ ಆಚೆ ಜಗಲಿಯ ಮೇಲೆ ಅಪ್ಪ ಬೆಳಿಗ್ಗೆಯಿಂದ ಕೂತಿದ್ದರು, ತಮ್ಮ ಪದ್ಧತಿಯಂತೆ ಸುಮ್ಮನೆ. ನಮ್ಮ ಸಾಲಿನಲ್ಲಿ ಮೊದಲು ಮುನಿಯಮ್ಮ, ಆಮೇಲೆ ಅಮ್ಮ, ಆಮೇಲೆ ನಾನು, ನನ್ನ ಹಿಂದೆ ಗಲ್ಲಿಯ ಹೆಂಗಸರೆಲ್ಲ.

“ಹೆಸರು?” ಎಂದ ಅಧಿಕಾರಿ.

“ಮುನಿಯಮ್ಮ.”

“ಗಂಡನ ಹೆಸರು?”

“ಅಯ್ಯ, ನಾನೆಂಗ್ ಯೋಳ್ಳಿ ಸಾಮಿ” ಎಂದು ಮುನಿಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು. ಹಿಂದಿನಿಂದ ಯಾರೋ “ಮುನಿಸಾಮಿ” ಎಂದರು. ಅಧಿಕಾರಿ ಗುರುತು ಹಾಕಿಕೊಂಡು ಚೀಟಿ ಕೊಟ್ಟ. ಬೆಳಿಗ್ಗೆಯಿಂದ ಅಲ್ಲಿ ಹಾಗೇ ನಡೆಯುತ್ತಿತ್ತು. ಒಬ್ಬಳ ಗಂಡನ ಹೆಸರು ಇನ್ನೊಬ್ಬಳು ಹೇಳುವುದು, ಅವಳದ್ದು ಇವಳು ಹೇಳುವುದು.

ಅಮ್ಮನ ಸರದಿ ಬಂತು. ಸರ್ವಮಂಗಳಮ್ಮ ಎಂದು ತನ್ನ ಹೆಸರು ಹೇಳಿದಳು. ಗಂಡನ ಹೆಸರು ಎಂದು ಅಧಿಕಾರಿ ಕೇಳಿದ್ದೇ, ಮೂರು ವಾರದ ಅಭ್ಯಾಸ ನೋಡಿ, ಯೋಚನೆ ಮಾಡದೆ “ಹಿತ್ತಿಲ ಬಾವಿಗೆ ಹಗ್ಗ ಹತ್ತು ಮಾರು” ಎಂದು ಶುರು ಮಾಡಿಬಿಟ್ಟಳು. ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಸಾಲಿನಲ್ಲಿದ್ದ ಅಷ್ಟೂ ಹೆಂಗಸರು ಒಂದೇ ಕಂಠದಲ್ಲಿ “ನಂಜುಂಡಪ್ಪನವರು ಗೆದ್ದರೆ ಬೀದಿಗೆಲ್ಲ ನೀರು” ಎಂದು ಮುಗಿಸಿದರು. ಸ್ಕೂಲಿನ ಹೆಂಚು ಹಾರಿಹೋಗುವಂಥ ಸದ್ದು.

ಪುಟ್ಟಸ್ವಾಮಯ್ಯನವರ ಕಡೆಯ ಏಜೆಂಟ್, ಒಬ್ಬ ಹೊಸ ವಕೀಲ, ಎದ್ದು ನಿಂತ. “ಇದು ಪ್ರಚಾರ ಸಾರ್. ಮತಗಟ್ಟೆ ಒಳಗೆ ಪ್ರಚಾರ ಮಾಡೋ ಹಾಗಿಲ್ಲ” ಎಂದ. ತಪ್ಪೇನೂ ಹೇಳಲಿಲ್ಲ ಅವನು.

ಅಧಿಕಾರಿ ಬೆವರು ಒರೆಸಿಕೊಂಡ. “ಪದ್ಯ ಬೇಡ ತಾಯೀ. ಹಿಂದಿನವರು ಯಾರಾದ್ರೂ ಬರೀ ಹೆಸರು ಹೇಳಿ ಸಾಕು” ಎಂದ.

“ಅದೂ ಆಗಲ್ಲ ಸಾರ್. ಇವರ ಯಜಮಾನರು ಅಭ್ಯರ್ಥಿ. ಅಭ್ಯರ್ಥಿ ಹೆಸರು ಬೇರೆಯವರು ಇಲ್ಲಿ ಕೂಗಿದ್ರೆ ಮತ್ತೆ ಪ್ರಚಾರವೇ. ಅವರೇ ಹೇಳಲಿ” ಎಂದ ವಕೀಲ.

ಅಧಿಕಾರಿಗೆ ಆ ಮಾತು ನ್ಯಾಯವೆನ್ನಿಸಿತು. “ನೀವೇ ಹೇಳ್ಬೇಕು ತಾಯೀ. ಇಲ್ದಿದ್ರೆ ಚೀಟಿ ಕೊಡೋಕಾಗಲ್ಲ” ಎಂದ.

ನಾನು ಮುಂದೆ ಬಂದೆ. ನನಗೆ ಅವರು ತಂದೆ, ನನ್ನ ಸರದಿಯಲ್ಲಿ ನಾನು ಹೇಗೂ ಹೇಳಲೇಬೇಕಾದ ಹೆಸರು, ಮೊದಲು ನನ್ನನ್ನೇ ಕೇಳಲಿ ಅಂದುಕೊಂಡೆ. ಅಮ್ಮ ಕೈ ಅಡ್ಡ ಹಿಡಿದಳು. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. “ಅಮ್ಮಾರ್ಗೇ ಇಲ್ದಿದ್ ಓಟು ನಮಗ್ಯಾಕೆ? ನಡೀರಿ ವೋಗಾನ” ಎಂದು ಮುನಿಯಮ್ಮ ಇನ್ನೂ ಪೆಟ್ಟಿಗೆಗೆ ಹಾಕಿರದ ತನ್ನ ಚೀಟಿಯನ್ನು ಮೇಜಿನ ಮೇಲೆ ವಾಪಸು ಇಟ್ಟಳು. ಗಲ್ಲಿಯ ಹೆಂಗಸರು ಒಬ್ಬೊಬ್ಬರಾಗಿ ಸಾಲು ಬಿಟ್ಟು ಬಾಗಿಲ ಕಡೆ ತಿರುಗಿದರು. ಅವರ ಹಿಂದೆ ಮುನಿಯಮ್ಮನ ಸೊಸೆಯೂ ಇದ್ದಳು, ಸೊಂಟದಲ್ಲಿ ಮಗು.

ಅಮ್ಮ ಆ ಮಗುವನ್ನು ನೋಡಿದಳು. ಆಮೇಲೆ ಕಿಟಕಿಯ ಕಡೆ, ಅಲ್ಲಿ ಕಾಣುತ್ತಿದ್ದ ಕರಿ ಟೋಪಿಯ ಕಡೆ ನೋಡಿದಳು. ನಿಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಅವಳಿಗೆ ಒಂದು ಕಡೆ ಬೀದಿಯ ನೀರು, ಇನ್ನೊಂದು ಕಡೆ ಗಂಡನ ಆಯುಸ್ಸು. ಕತ್ತಿನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಬರ್ಕೊಳ್ಳಪ್ಪ” ಎಂದಳು. “ನಂಜುಂಡಪ್ಪ. ನಮ್ಮ ಯಜಮಾನ್ರು.”

ಪದ್ಯವಿಲ್ಲ, ಪ್ರಾಸವಿಲ್ಲ. ಹೋಗುತ್ತಿದ್ದವರು ನಿಂತಲ್ಲೇ ನಿಂತರು. ವಕೀಲ ಕೂತುಕೊಂಡ. ಕಿಟಕಿಯ ಆಚೆ ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಒಂದು ಗಳಿಗೆಯಾದ ಮೇಲೆ ಮತ್ತೆ ಹಾಕಿಕೊಂಡರು. ನನ್ನ ಸರದಿಯಲ್ಲಿ ತಂದೆಯ ಹೆಸರು ಹೇಳಲು ನನಗೇ ಎರಡು ಸಲ ಬಾಯಿ ತೆರೆಯಬೇಕಾಯಿತು.

ಅಪ್ಪ ಗೆದ್ದರು. ಎಣಿಕೆಯ ದಿನ ಮೊದಲು ಹಾರ ಹಾಕಿದವರು ಪುಟ್ಟಸ್ವಾಮಯ್ಯನವರು. ತಮ್ಮ ಮೆರವಣಿಗೆಗೆಂದು ಗೊತ್ತು ಮಾಡಿದ್ದ ಜಟಕಾ ಗಾಡಿಯಲ್ಲೇ ಅಪ್ಪನನ್ನು ಕೂರಿಸಿ ಮನೆ ಮುಟ್ಟಿಸಿದರು. “ಆ ತಾಯಿ ಹೆಸರು ಹೇಳಿದ್ರು ಅಂತ ಕೇಳಿದಾಗ್ಲೇ ನಂಗೆ ಗೊತ್ತಾಯ್ತು ಬಿಡಿ” ಎಂದು ನಕ್ಕರು. ಹಾಗೆ ಸೋಲುವವರನ್ನು ನಾನು ಆಮೇಲೆ ಹೆಚ್ಚು ನೋಡಲಿಲ್ಲ.

ಕಾರ್ಪೊರೇಷನ್ನಿನಲ್ಲಿ ಅಪ್ಪ ಒಂದು ಭಾಷಣವನ್ನೂ ಮಾಡಲಿಲ್ಲ. ನೀರಿನ ಇಂಜಿನಿಯರರ ಕಚೇರಿಗೆ ಬುತ್ತಿ ಕಟ್ಟಿಕೊಂಡು ಹೋಗಿ ಎದುರಿನ ಬೆಂಚಿನ ಮೇಲೆ ಕೂರುತ್ತಿದ್ದರು. ಏನು ಬೇಕಿತ್ತು ಎಂದರೆ “ಸುಮ್ನೆ” ಅನ್ನುತ್ತಿದ್ದರು. ಇಂಜಿನಿಯರು ಎಷ್ಟು ದಿನ ತಡೆದಾರು? ಯುಗಾದಿ ಕಳೆದು ಬಿಸಿಲು ಏರುವಷ್ಟರಲ್ಲಿ ಗಲ್ಲಿಗೆ ನಲ್ಲಿ ಬಂತು. ಮೊದಲ ಕೊಡಕ್ಕೆ ಅಮ್ಮ ಅರಿಶಿನ ಕುಂಕುಮ ಹಚ್ಚಿದಳು. ಚುನಾವಣೆಯ ಖರ್ಚಿನ ಲೆಕ್ಕ ಕೊಡಬೇಕೆಂದು ಕಾಗದ ಬಂದಾಗ ಮಾತ್ರ ಅಪ್ಪ ಪೆನ್ನು ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದರು. “ಕೆಮ್ಮಣ್ಣು ಅಂತ ಬರೀರಿ ಅಂತ ಹೇಳು” ಎಂದಳು ಅಮ್ಮ ನನಗೆ.

ಸಂಡಿಗೆ ಬಟ್ಟೆ ಹೇಳಿದ ದಿನಕ್ಕೆ ವಾಪಸು ಬಂತು. ಒಗೆದರೆ ಕೆಮ್ಮಣ್ಣೆಲ್ಲ ಹೋಯಿತು, ಆ ಎರಡು ಅಕ್ಷರ ನಿಂತವು. ಇನ್ನು, ಆಯುಸ್ಸಿನ ವಿಷಯ ಕೇಳಬೇಕೆಂದಿದ್ದರೆ ಹೇಳುತ್ತೇನೆ, ಅಪ್ಪ ಮೊಮ್ಮಕ್ಕಳ ಮದುವೆ ನೋಡಿಕೊಂಡೇ ಹೋದರು. ಆದರೆ ಅದು ಅವತ್ತು ಅಮ್ಮನಿಗೆ ಗೊತ್ತಿರಲಿಲ್ಲವಲ್ಲ.

ಅವತ್ತು ಅಂದರೆ ಓಟು ಹಾಕಿದ ದಿನ. ಮನೆಗೆ ಬಂದವಳೇ ಅಮ್ಮ ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿ, ಬಹಳ ಹೊತ್ತು ಕೂತಿದ್ದಳು. ಸಂಜೆ ಅಡುಗೆಮನೆಯಲ್ಲಿ ನಾನು ಹುರುಳಿಕಾಯಿ ಸೋಸುತ್ತಿದ್ದೆ, ಅವಳು ಒಲೆಯ ಮುಂದಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೊಗೆ ಅಂದಳು. ಒಲೆ ಇನ್ನೂ ಹಚ್ಚಿರಲಿಲ್ಲ. ಅಷ್ಟರಲ್ಲಿ ಅಪ್ಪ ಮನೆಗೆ ಬಂದರು. ಚಪ್ಪಲಿ ಬಿಟ್ಟ ಸದ್ದು, ಕಾಲು ತೊಳೆದ ಸದ್ದು, ಪಡಸಾಲೆಯ ಬೆಂಚು ಕಿರ್ರೆಂದ ಸದ್ದು ಕೇಳಿಸಿತು. ಆಮೇಲೆ ಎಷ್ಟೋ ಹೊತ್ತು ಏನೂ ಕೇಳಿಸಲಿಲ್ಲ. ಸುಮ್ಮನೆ ಕೂತಿದ್ದಾರೆ ಅಂದುಕೊಂಡೆ.

“ಸರ್ವಮಂಗಳಾ” ಎಂದು ಕೂಗಿದರು ಅಪ್ಪ.

ಯಾರೋ ನೆಂಟರು ಬಂದರೇನೋ ಅನ್ನಿಸಿತು ನನಗೆ. ಆ ಧ್ವನಿಯಲ್ಲಿ ಆ ಹೆಸರನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಅಭ್ಯಾಸಬಲದಿಂದ ಹುರುಳಿಕಾಯಿ ತಟ್ಟೆ ಪಕ್ಕಕ್ಕಿಟ್ಟು ಎದ್ದೆ.

ಅಮ್ಮ ನನ್ನ ಭುಜ ಹಿಡಿದು ಕೂರಿಸಿದಳು. ಸೆರಗು ಸರಿಮಾಡಿಕೊಂಡಳು. ಕನ್ನಡಿ ಇಲ್ಲದೆಯೇ ಹಣೆಯ ಕುಂಕುಮ ಮುಟ್ಟಿ ನೋಡಿಕೊಂಡಳು.

“ನೀನು ಕೂತ್ಕೋ” ಎಂದಳು. “ನನ್ನನ್ನ ಕರೀತಿರೋದು.”